ಸನ್ಮಾನಕ್ಕೆ ಮೊದಲು ಅರ್ಜಿ: ಕೂಡಿಟ್ಟ ಹಣವಿಲ್ಲದ ಮನೆಯ ಮಕ್ಕಳ ಕಾಲೇಜು ಶಿಕ್ಷಣ

(ಗ್ರಾಮ ಪಂಚಾಯತಿ ಸದಸ್ಯರ ತರಬೇತಿಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಪ್ರತಿ ವರ್ಷ ಫಲಿತಾಂಶಗಳು ಪ್ರಕಟವಾದ ಬಳಿಕ ಬಹಳಷ್ಟು ಪಂಚಾಯತಿಗಳಲ್ಲಿ ಪ್ರತಿಭಾ ಪುರಸ್ಕಾರ ನಡೆಯುತ್ತದೆ. ಹೆಚ್ಚು ಅಂಕ ಪಡೆದ ಮಕ್ಕಳಿಗೆ ಶಾಲು, ಹಾರ, ನೆನಪಿನ ಕಾಣಿಕೆ ಸಲ್ಲುತ್ತವೆ. ಕಾರ್ಯಕ್ರಮ ಮುಗಿದು ಕುರ್ಚಿಗಳನ್ನು ಎತ್ತಿಡುವ ಹೊತ್ತಿಗೆ ಯಾರಾದರೊಬ್ಬ ತಂದೆ ಅಥವಾ ತಾಯಿ ಬಾಗಿಲ ಬಳಿ ನಿಂತು ತಮ್ಮ ವಾರ್ಡಿನ ಸದಸ್ಯರನ್ನು ಕೇಳುವ ಪ್ರಶ್ನೆ ಒಂದೇ: “ಮುಂದಕ್ಕೆ ಓದಿಸಲು ಎಷ್ಟಾಗುತ್ತದೆ ಸ್ವಾಮಿ, ಎಲ್ಲಾದರೂ ಸಹಾಯ ಸಿಕ್ಕೀತೇ?” ಈ ಪ್ರಶ್ನೆ ಕೇಳಿಬರುವ ವೇಳೆಗೆ ಸಹಾಯದ ಮುಖ್ಯ ಬಾಗಿಲುಗಳಲ್ಲಿ ಕೆಲವು ಆಗಲೇ ಮುಚ್ಚಿರುತ್ತವೆ. ಅವು ಜನವರಿ, ಫೆಬ್ರವರಿಯಲ್ಲಿಯೇ ಮುಚ್ಚಿದವು ಎಂಬುದು ಆ ಮನೆಗೆ ತಿಳಿದಿರುವುದಿಲ್ಲ. ಅನೇಕ ವೇಳೆ ಪಂಚಾಯತಿಗೂ ತಿಳಿದಿರುವುದಿಲ್ಲ.

ಈ ಜಿಲ್ಲೆಯಲ್ಲಿ ಕೂಡಿಟ್ಟ ಹಣವಿಲ್ಲದ ಮನೆ ಎಂದರೆ ದುಡಿಮೆಯಿಲ್ಲದ ಮನೆಯಲ್ಲ. ಡೇರಿಯ ಹಾಲಿನ ಬಟವಾಡೆ, ದೊಡ್ಡಬಳ್ಳಾಪುರದ ಮಗ್ಗದ ಕೂಲಿ, ನೆಲಮಂಗಲ ಮತ್ತು ಹೊಸಕೋಟೆಯ ಗೋದಾಮುಗಳ ಗುತ್ತಿಗೆ ಸಂಬಳ, ಇವೆಲ್ಲ ಬಂದ ಹಾಗೆಯೇ ಖರ್ಚಾಗುತ್ತವೆ. ಬೇರೆ ಜಿಲ್ಲೆಯ ಬಡವನಿಗಿಲ್ಲದ ಒಂದು ಅಪಾಯ ಇಲ್ಲಿಯವನಿಗಿದೆ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾದ ಮೇಲೆ ಸುತ್ತಲಿನ ಭೂಮಿಯ ಬೆಲೆ ಏರಿದ ಬಗೆಯನ್ನು ಸದಸ್ಯರಿಗೆ ವಿವರಿಸಬೇಕಿಲ್ಲ. ಮಗಳಿಗೆ ಸೀಟು ಸಿಕ್ಕಿತೆಂದರೆ “ನಾಲ್ಕು ಗುಂಟೆ ಕೊಟ್ಟುಬಿಟ್ಟರೆ ಆಯಿತು” ಎಂಬ ಸಲಹೆ ಆ ಸಂಜೆಯೇ ಮನೆಬಾಗಿಲಿಗೆ ಬರುತ್ತದೆ. ಅವಸರದಲ್ಲಿ ಮಾರಿದವನಿಗೆ ಸರಿಯಾದ ಬೆಲೆಯೂ ಸಿಗುವುದಿಲ್ಲ.

ಭೂಮಿ ಇಲ್ಲದವರು ಬಡ್ಡಿ ಸಾಲಕ್ಕೆ ಹೋಗುತ್ತಾರೆ. ನೂರಕ್ಕೆ ತಿಂಗಳಿಗೆ 3 ರೂಪಾಯಿ ಬಡ್ಡಿ ಎಂದು ಹಿಡಿದರೆ 1 ಲಕ್ಷ ರೂಪಾಯಿಗೆ ವರ್ಷಕ್ಕೆ 36,000 ರೂಪಾಯಿ. ನಾಲ್ಕು ವರ್ಷದ ಪದವಿ ಮುಗಿಯುವ ವೇಳೆಗೆ ಬಡ್ಡಿಯೇ 1,44,000 ರೂಪಾಯಿ, ಅಸಲು ಹಾಗೆಯೇ ನಿಂತಿರುತ್ತದೆ. ಸಿಇಟಿ ಮೂಲಕ ಆಯ್ಕೆಯಾದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ಡಿ. ದೇವರಾಜ ಅರಸು ಹಿಂದುಳಿದ ವರ್ಗಗಳ ಅಭಿವೃದ್ಧಿ ನಿಗಮವು ‘ಅರಿವು’ ಯೋಜನೆಯಡಿ ನೀಡುವ ಸಾಲಕ್ಕೆ ವಾರ್ಷಿಕ ಬಡ್ಡಿ ಶೇ. 2 ಮಾತ್ರ, ಅಂದರೆ ಲಕ್ಷಕ್ಕೆ ವರ್ಷಕ್ಕೆ 2,000 ರೂಪಾಯಿ. ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದಲ್ಲಿಯೂ ಅರಿವು ಸಾಲವಿದೆ. ಒಂದೇ ಊರಿನ ಎರಡು ಮನೆಗಳು ಒಂದೇ ಓದಿಗೆ 36,000 ಮತ್ತು 2,000 ರೂಪಾಯಿ ಬಡ್ಡಿ ಕಟ್ಟುತ್ತಿರಬಹುದು. ಅವುಗಳ ನಡುವಿನ ವ್ಯತ್ಯಾಸ ಬಹಳ ಸಲ ಕಾಲಕ್ಕೆ ಸರಿಯಾಗಿ ಹಾಕಿದ ಒಂದು ಅರ್ಜಿ ಮಾತ್ರ.

ಹಿಂದಿನ ಕಾಲದಲ್ಲಿ ಬಡ ಮಕ್ಕಳು ವಾರಾನ್ನ ಮಾಡಿಕೊಂಡು, ಉಚಿತ ವಿದ್ಯಾರ್ಥಿನಿಲಯಗಳಲ್ಲಿದ್ದು ಓದಿದರು. ನೆರೆಯ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಜನಿಸಿದ ಡಾ. ಎಚ್. ನರಸಿಂಹಯ್ಯನವರು ಹೈಸ್ಕೂಲು ಓದಲೆಂದು ಬೆಂಗಳೂರಿಗೆ ನಡೆದೇ ಬಂದರು. ಬಡ ವಿದ್ಯಾರ್ಥಿಗಳ ನಿಲಯದ ಆಶ್ರಯದಲ್ಲಿ ಓದಿ, ಮುಂದೆ ಅಮೆರಿಕದಲ್ಲಿ ಭೌತವಿಜ್ಞಾನದ ಡಾಕ್ಟರೇಟ್ ಪಡೆದು, ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾದರು. ಆ ದಿನಗಳಲ್ಲಿ ಸಹಾಯ ಬೇಡುವವನಿಗೆ ಯಾರ ಮನೆಯ ಬಾಗಿಲು ತಟ್ಟಬೇಕೆಂಬುದು ಗೊತ್ತಿರುತ್ತಿತ್ತು. ಇಂದು ಸಹಾಯದ ಮೊತ್ತ ಅಂದಿಗಿಂತ ಹೆಚ್ಚು. ಆದರೆ ಅದು ಹತ್ತಾರು ಇಲಾಖೆ, ನಿಗಮ ಮತ್ತು ಜಾಲತಾಣಗಳಲ್ಲಿ ಹರಡಿಹೋಗಿದೆ.

ಈಗ ಜನವರಿಯ ಮಾತಿಗೆ ಬರಬಹುದು. ಕಾಲೇಜಿನ ಖರ್ಚನ್ನು ನಿರ್ಧರಿಸುವ ಮೊದಲ ಸಂಗತಿ ಸೀಟಿನ ಬಗೆ. ಸಿಇಟಿ ಮೂಲಕ ದೊರೆಯುವ ಸರ್ಕಾರಿ ಸೀಟಿಗೂ ಆಡಳಿತ ಮಂಡಳಿಯ ಸೀಟಿಗೂ ಶುಲ್ಕದಲ್ಲಿ ಹಲವು ಪಟ್ಟು ಅಂತರವಿದೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಅರ್ಜಿ ಸಾಮಾನ್ಯವಾಗಿ ಜನವರಿ, ಫೆಬ್ರವರಿಯಲ್ಲಿ ತುಂಬುವಂಥದ್ದು. ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮದ ಮೀಸಲಾತಿ, ಜಾತಿ, ಆದಾಯ ಮುಂತಾದ ಕೋರಿಕೆಗಳನ್ನೆಲ್ಲ ಆ ಅರ್ಜಿಯಲ್ಲಿಯೇ ನಮೂದಿಸಬೇಕು. ನಾಡಕಚೇರಿಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆಯೂ ಅಲ್ಲಿಯೇ ಬೇಕು. ದ್ವಿತೀಯ ಪಿಯುಸಿಯ ಮಗು ಪಟ್ಟಣದ ಸೈಬರ್ ಅಂಗಡಿಯಲ್ಲಿ ಕುಳಿತು, ಕೈಯಲ್ಲಿ ಪ್ರಮಾಣಪತ್ರವಿಲ್ಲದ ಕಾರಣ ‘ಇಲ್ಲ’ ಎಂದು ಒತ್ತಿದರೆ ಅದರ ಬೆಲೆಯನ್ನು ಜುಲೈಯಲ್ಲಿ ತಂದೆ ತೆರುತ್ತಾನೆ.

ಗ್ರಾಮೀಣ ಮೀಸಲಾತಿಯ ವಿಷಯವನ್ನು ಈ ಜಿಲ್ಲೆಯವರು ವಿಶೇಷವಾಗಿ ಗಮನಿಸಬೇಕಾಗಿದೆ. ಒಂದರಿಂದ ಹತ್ತನೆಯ ತರಗತಿಯವರೆಗೆ ಪೂರ್ತಿಯಾಗಿ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿದವರಿಗೆ ಶೇ. 15, ಅದೇ ಹತ್ತು ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಸೀಟುಗಳಿವೆ. ಇಲ್ಲಿ ಲೆಕ್ಕಕ್ಕೆ ಬರುವುದು ಮನೆಯಿರುವ ಊರಲ್ಲ, ಶಾಲೆಯಿರುವ ಊರು. ಹಳ್ಳಿಯಲ್ಲೇ ವಾಸವಿದ್ದು, ಎಂಟನೆಯ ತರಗತಿಗೆ ಮಗುವನ್ನು ಹಳದಿ ವ್ಯಾನಿನಲ್ಲಿ ದೇವನಹಳ್ಳಿ ಅಥವಾ ಹೊಸಕೋಟೆ ಪಟ್ಟಣದ ಶಾಲೆಗೆ ಕಳುಹಿಸಿದರೆ, ಆ ಶಾಲೆ ಪುರಸಭೆ ಅಥವಾ ನಗರಸಭೆಯ ವ್ಯಾಪ್ತಿಯಲ್ಲಿರುವುದರಿಂದ ಹಿಂದಿನ ಏಳು ವರ್ಷ ಓದಿದ್ದೂ ಲೆಕ್ಕಕ್ಕೆ ಸಿಗುವುದಿಲ್ಲ. ಪಟ್ಟಣದ ಶಾಲೆಗೆ ಕಳುಹಿಸಬಾರದೆಂದು ಯಾರೂ ಹೇಳಲಾಗದು. ಏನನ್ನು ಬಿಟ್ಟುಕೊಡುತ್ತಿದ್ದೇವೆ ಎಂಬುದು ಕಳುಹಿಸುವ ಮೊದಲು ತಿಳಿದಿರಬೇಕು. ಪಿಯುಸಿಗೆ ಪಟ್ಟಣಕ್ಕೆ ಹೋದರೆ ಇದಕ್ಕೆ ಬಾಧಕವಿಲ್ಲ. ವ್ಯಾಸಂಗ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುರುಜು ಬೇಕು. ಸಾಮಾನ್ಯ ವರ್ಗದವರು ಕೆನೆಪದರಕ್ಕೆ ಸೇರಿಲ್ಲವೆಂಬ ತಹಶೀಲ್ದಾರರ ಪ್ರಮಾಣಪತ್ರವನ್ನೂ ಪಡೆದಿರಬೇಕು.

ಎಂಜಿನಿಯರಿಂಗ್ ಕಾಲೇಜುಗಳಲ್ಲಿ ನಿಗದಿತ ಸಂಖ್ಯೆಯ ಮೇಲೆ ಶೇ. 5ರಷ್ಟು ಹೆಚ್ಚುವರಿ ಸೀಟುಗಳಿರುತ್ತವೆ. ಇವನ್ನು ಎಸ್‌ಎನ್‌ಕ್ಯೂ ಸೀಟು ಎನ್ನುತ್ತಾರೆ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿಯ ಒಳಗಿದ್ದವರಿಗೆ ಈ ಸೀಟುಗಳಲ್ಲಿ ಬೋಧನಾ ಶುಲ್ಕ ಮನ್ನಾ. ಇತರ ಶುಲ್ಕಗಳನ್ನು ಕಟ್ಟಬೇಕು. ಇದು ಜಾತಿಗೆ ಸೇರಿದ ಸೌಲಭ್ಯವಲ್ಲ, ಆದಾಯಕ್ಕೆ ಮತ್ತು ರ‍್ಯಾಂಕಿಗೆ ಸೇರಿದ್ದು. ಒಳ್ಳೆಯ ಅಂಕ ಪಡೆದೂ ಯಾವ ವಿದ್ಯಾರ್ಥಿವೇತನಕ್ಕೂ ಹೊಂದದ ಮನೆಗಳಿಗೆ ಇದಕ್ಕಿಂತ ದೊಡ್ಡ ನೆರವು ಮತ್ತೊಂದು ಕಾಣದು. ಕೃಷಿಕರ ಮಕ್ಕಳಿಗೆ ಕೃಷಿ ಪದವಿಗಳಲ್ಲಿ ಪ್ರತ್ಯೇಕ ಮೀಸಲು ಇದೆ; ಅದಕ್ಕೆ ಪ್ರಾಯೋಗಿಕ ಪರೀಕ್ಷೆ ಬರೆಯಬೇಕು, ದಾಖಲೆ ಒದಗಿಸಬೇಕು. ಬಳ್ಳಾರಿ ರಸ್ತೆಯಲ್ಲಿ ದಿನವೂ ಬಸ್ಸಿನಲ್ಲಿ ಜಿಕೆವಿಕೆಯನ್ನು ದಾಟಿ ಹೋಗುವ ಮಕ್ಕಳಲ್ಲಿ ಎಷ್ಟು ಮಂದಿಗೆ ಇದು ತಿಳಿದಿದೆಯೆಂದು ಸದಸ್ಯರು ವಿಚಾರಿಸಿ ನೋಡಬಹುದು.

ಒಂದು ಮಾತನ್ನು ಇಲ್ಲಿಯೇ ಹೇಳಬೇಕು. ಪಿಯುಸಿ ಜೊತೆಗಿನ ತರಬೇತಿಗೆಂದೇ ಲಕ್ಷಗಟ್ಟಲೆ ಸುರಿದು, ಪದವಿಯ ಹೊತ್ತಿಗೆ ಬರಿಗೈಯಾಗುವ ಕುಟುಂಬಗಳು ಹೆಚ್ಚುತ್ತಿವೆ. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಗಳಿಗೆ ಅರ್ಧ, ಸಿಇಟಿ ಅಂಕಗಳಿಗೆ ಅರ್ಧ ತೂಕವಿದೆ. ಸರ್ಕಾರಿ ಪದವಿಪೂರ್ವ ಕಾಲೇಜಿನಲ್ಲಿ ಶ್ರದ್ಧೆಯಿಂದ ಓದಿದ ಮಗುವಿಗೂ ಇಲ್ಲಿ ಅವಕಾಶವಿದೆ. ಎಸ್‌ಎಸ್‌ಎಲ್‌ಸಿ ನಂತರ ಸರ್ಕಾರಿ ಪಾಲಿಟೆಕ್ನಿಕ್‌ನಲ್ಲಿ ಡಿಪ್ಲೊಮಾ ಮುಗಿಸಿ, ಎಂಜಿನಿಯರಿಂಗ್ ಪದವಿಯ ಎರಡನೆಯ ವರ್ಷಕ್ಕೆ ನೇರವಾಗಿ ಸೇರುವ ದಾರಿಯೂ ಇದೆ. ಅದನ್ನು ಕೀಳೆಂದು ಕಾಣುವುದು ತಪ್ಪು.

ಸೀಟು ದೊರೆತ ಮೇಲೆ ವಿದ್ಯಾರ್ಥಿವೇತನ ಮತ್ತು ಶುಲ್ಕ ಮರುಪಾವತಿಗೆ ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶದಲ್ಲಿ ಅರ್ಜಿ ಸಲ್ಲಿಸಬೇಕು. ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿತರಾದವರ ಮಕ್ಕಳಿಗೆ ಶೈಕ್ಷಣಿಕ ಧನಸಹಾಯವಿದೆ. ಅರ್ಜಿಗಳು ನಿಲ್ಲುವುದು ಚಿಕ್ಕ ಕಾರಣಗಳಿಗೆ: ಅಂಕಪಟ್ಟಿಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಮತ್ತೊಂದು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿಲ್ಲ, ಕಾಲೇಜಿನಿಂದ ಇ-ದೃಢೀಕರಣವಾಗಿಲ್ಲ. ಹಣ ಮಂಜೂರಾದರೂ ಅದು ಕೈಸೇರುವುದು ಶುಲ್ಕ ಕಟ್ಟುವ ದಿನ ಕಳೆದು ಎಷ್ಟೋ ತಿಂಗಳಿಗೆ. ಈ ನಡುವಿನ ತಿಂಗಳುಗಳಲ್ಲಿಯೇ ಗುಂಟೆ ಮಾರಾಟವಾಗುವುದು.

ಆದ್ದರಿಂದ ಬ್ಯಾಂಕಿನ ಶಿಕ್ಷಣ ಸಾಲದ ಬಗ್ಗೆ ಸಂಕೋಚ ಬಿಡಬೇಕು. 4 ಲಕ್ಷ ರೂಪಾಯಿಯವರೆಗಿನ ಸಾಲಕ್ಕೆ ಆಸ್ತಿ ಅಡಮಾನ ಬೇಕಿಲ್ಲ, 7.5 ಲಕ್ಷದವರೆಗೆ ಕೇಂದ್ರ ಸರ್ಕಾರದ ಸಾಲ ಖಾತರಿ ನಿಧಿಯ ರಕ್ಷಣೆಯಿದೆ. ವಾರ್ಷಿಕ ಆದಾಯ 4.5 ಲಕ್ಷದೊಳಗಿನ ಕುಟುಂಬದ ಮಗು ಮಾನ್ಯತೆ ಪಡೆದ ಸಂಸ್ಥೆಯಲ್ಲಿ ತಾಂತ್ರಿಕ ಅಥವಾ ವೃತ್ತಿಪರ ಪದವಿ ಓದಿದರೆ, ಓದಿನ ಅವಧಿ ಮತ್ತು ನಂತರದ ಒಂದು ವರ್ಷದ ಬಡ್ಡಿಗೆ ಸಹಾಯಧನವಿದೆ. 2024ರ ನವೆಂಬರ್‌ನಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಆಯ್ದ ಉನ್ನತ ಸಂಸ್ಥೆಗಳಿಗೆ ಜಾಮೀನುದಾರರ ಅಗತ್ಯವೂ ಇಲ್ಲ. ಶಾಖೆಯವರು ಬಾಯಿಮಾತಿನಲ್ಲಿ ಆಗುವುದಿಲ್ಲವೆಂದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿ ಪಡೆದು, ಲೀಡ್ ಬ್ಯಾಂಕಿನ ಜಿಲ್ಲಾ ವ್ಯವಸ್ಥಾಪಕರಿಗೆ ಪಂಚಾಯತಿಯಿಂದಲೇ ಪತ್ರ ಬರೆಯಬಹುದು. ಇನ್ನು ಮೊದಲ ಕಂತಿನ ತುರ್ತಿಗೆ ಸಂಜೀವಿನಿ ಒಕ್ಕೂಟದ ಸ್ವಸಹಾಯ ಸಂಘದಲ್ಲಿ ತಾಯಿ ಪಡೆಯುವ ಸಾಲ ಖಾಸಗಿ ಬಡ್ಡಿಗಿಂತ ಬಹಳ ಮೇಲು.

ಪಂಚಾಯತಿ ಮಾಡಬಹುದಾದ ಕೆಲಸಕ್ಕೆ ಹೊಸ ಆದೇಶ ಬೇಕಿಲ್ಲ. ನವೆಂಬರ್‌ನಿಂದ ಜನವರಿಯವರೆಗೆ ಮಕ್ಕಳ ಗ್ರಾಮಸಭೆಗಳು ಹೇಗೂ ನಡೆಯುತ್ತವೆ. ಅಲ್ಲಿ ಸೈಕಲ್, ಶೌಚಾಲಯ, ಆಟದ ಮೈದಾನದ ಜೊತೆಗೆ ಈ ವಿಷಯವೂ ಬರಬೇಕು. ವ್ಯಾಪ್ತಿಯಲ್ಲಿ ದ್ವಿತೀಯ ಪಿಯುಸಿ ಮತ್ತು ಹತ್ತನೆಯ ತರಗತಿ ಓದುತ್ತಿರುವವರ ಪಟ್ಟಿಯನ್ನು ಸದಸ್ಯರು ವಾರ್ಡುವಾರು ಸಿದ್ಧಪಡಿಸಿದರೆ, ಯಾರಿಗೆ ಯಾವ ಪ್ರಮಾಣಪತ್ರ ಇಲ್ಲವೆಂಬುದು ಒಂದು ವಾರದಲ್ಲಿ ತಿಳಿಯುತ್ತದೆ. ಜಾತಿ, ಆದಾಯ ಪ್ರಮಾಣಪತ್ರದ ಅರ್ಜಿಯನ್ನು ಬಾಪೂಜಿ ಸೇವಾ ಕೇಂದ್ರದಲ್ಲಿಯೇ ಸಲ್ಲಿಸಬಹುದು. ಗ್ರಂಥಾಲಯದ ಅರಿವು ಕೇಂದ್ರದ ಗಣಕಯಂತ್ರದಲ್ಲಿ, ಮೇಲ್ವಿಚಾರಕರ ಸಮ್ಮುಖದಲ್ಲಿ ಸಿಇಟಿ ಅರ್ಜಿ ತುಂಬಿಸಬಹುದು. ಆದಾಯದ ವಿವರವಿರುವ ಪಟ್ಟಿಯನ್ನು ಮಾತ್ರ ಸೂಚನಾ ಫಲಕದಲ್ಲಿ ಹಾಕಬಾರದು; ಬಡತನ ಆ ಮನೆಯ ಖಾಸಗಿ ವಿಷಯ. ಪರಿಶಿಷ್ಟ ಜಾತಿ, ಪಂಗಡಗಳಿಗೂ ವಿಶೇಷಚೇತನರಿಗೂ ಸ್ವಂತ ಸಂಪನ್ಮೂಲದಿಂದ ಮೀಸಲಿಡುವ ನಿಧಿಯಿಂದ ನೀಡುವ ಪ್ರೋತ್ಸಾಹಧನವನ್ನು ಮಾರ್ಚ್ ಕೊನೆಯ ವಾರದ ಅವಸರಕ್ಕೆ ಬಿಡದೆ, ಪ್ರವೇಶ ಶುಲ್ಕ ಕಟ್ಟುವ ವಾರಕ್ಕೆ ಹೊಂದಿಸಲು ಸಾಮಾಜಿಕ ನ್ಯಾಯ ಸ್ಥಾಯಿ ಸಮಿತಿ ಮೊದಲೇ ಠರಾವು ಮಾಡಿಟ್ಟುಕೊಳ್ಳಬಹುದು.

ಪ್ರತಿಭಾ ಪುರಸ್ಕಾರ ಎಂದಿನಂತೆ ನಡೆಯಲಿ. ಈ ಸಲದ ಮಕ್ಕಳ ಗ್ರಾಮಸಭೆಯ ನೋಟಿಸು ಹೊರಡುವ ಮೊದಲು ಅದರ ವಿಷಯಸೂಚಿಯಲ್ಲಿ ‘ಸಿಇಟಿ ಅರ್ಜಿ ಮತ್ತು ಪ್ರಮಾಣಪತ್ರಗಳು’ ಎಂಬ ಸಾಲನ್ನು ಸೇರಿಸಿ, ಅಂದು ನಾಡಕಚೇರಿಯ ಸಿಬ್ಬಂದಿ, ಹತ್ತಿರದ ಬ್ಯಾಂಕ್ ಶಾಖೆಯ ಒಬ್ಬ ಅಧಿಕಾರಿ ಮತ್ತು ಪದವಿಪೂರ್ವ ಕಾಲೇಜಿನ ಪ್ರಾಂಶುಪಾಲರು ಹಾಜರಿರುವಂತೆ ಅಧ್ಯಕ್ಷರು ಪತ್ರ ಬರೆಯಬೇಕೆಂದು ಕೋರಲಾಗಿದೆ.