ಶಾಲೆಗಳನ್ನು ತೂಗುವ ಕಲ್ಲು



ಎಸ್ಸೆಸ್ಸೆಲ್ಸಿ ಫಲಿತಾಂಶದ ಮರುದಿನ ಪತ್ರಿಕೆಗಳಲ್ಲಿ ಪಟ್ಟಿ ಬರುತ್ತದೆ. ಅಂಥ ಪಟ್ಟಿಯನ್ನು ನಾನೂ ಬರೆದುಕೊಟ್ಟಿದ್ದೇನೆ. ಕೊನೆಯಲ್ಲಿರುವವರಿಗೆ ಎಷ್ಟು ಮಂದಿ ಶಿಕ್ಷಕರಿದ್ದರು, ಆ ಮಕ್ಕಳ ಮನೆಯಲ್ಲಿ ಓದು ಬಲ್ಲವರು ಯಾರಿದ್ದರು ಎಂಬುದಕ್ಕೆ ಅದರಲ್ಲಿ ಜಾಗವಿಲ್ಲ. ಈ ಕೊರತೆಯನ್ನು ಗಣಿತದಿಂದ ತುಂಬಲು ಹೊರಟವರ ಕಥೆಯೊಂದಿದೆ. ಅದು ನಡೆದದ್ದು ಅಮೆರಿಕದಲ್ಲಿ.

ಅಲ್ಲಿ ಬಡ ಮಕ್ಕಳ ಪ್ರಾಥಮಿಕ ಶಿಕ್ಷಣಕ್ಕೆಂದು 'ಫಾಲೋ ಥ್ರೂ' ಎಂಬ ಸರ್ಕಾರಿ ಕಾರ್ಯಕ್ರಮವಿತ್ತು. ಎಡ್ವರ್ಡೊ ರೋಡ್ಸ್ ಎಂಬ ಸಂಶೋಧನಾ ವಿದ್ಯಾರ್ಥಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಅದರ ಅಂಕಿಅಂಶ ಹಿಡಿದು ಕುಳಿತರು. ತಾಯಿಯ ವಿದ್ಯಾಭ್ಯಾಸ, ಪೋಷಕರು ಶಾಲೆಗೆ ಬಂದುಹೋಗುವುದು, ಶಿಕ್ಷಕರ ಸಂಖ್ಯೆ ಮುಂತಾದವು ಒಂದು ಕಡೆ. ಓದು, ಲೆಕ್ಕ ಮತ್ತು ಮಗುವಿನ ಆತ್ಮಗೌರವ ಇನ್ನೊಂದು ಕಡೆ. ಓದಿಗೆ ಎಷ್ಟು ತೂಕ ಕೊಡಬೇಕು, ಆತ್ಮಗೌರವಕ್ಕೆ ಎಷ್ಟು? ಇದನ್ನು ಮೇಲೆ ಕುಳಿತವರು ನಿರ್ಧರಿಸಿದರೆ ಅಲ್ಲಿಗೇ ಅರ್ಧ ಅನ್ಯಾಯ ಆದಂತೆ.

ಅಬ್ರಹಾಂ ಚಾರ್ನ್ಸ್, ವಿಲಿಯಂ ಕೂಪರ್ ಮತ್ತು ರೋಡ್ಸ್ 1978ರಲ್ಲಿ ಪ್ರಕಟಿಸಿದ ಉತ್ತರ ನನಗೆ ಬಹಳ ಹಿಡಿಸಿತು. ತೂಕದ ಕಲ್ಲನ್ನು ಶಾಲೆಯ ಕೈಗೇ ಕೊಟ್ಟುಬಿಡಿ! ತನಗೆ ಅತ್ಯಂತ ಅನುಕೂಲವಾದುದನ್ನು ಅದು ಆರಿಸಿಕೊಳ್ಳಲಿ. ಷರತ್ತು ಒಂದೇ: ಅದೇ ಕಲ್ಲಿನಿಂದ ಉಳಿದವರನ್ನೂ ತೂಗಬೇಕು, ಎಲ್ಲರಿಗಿಂತ ಹೆಚ್ಚು ತೂಗಿದ್ದಕ್ಕೆ ನೂರು ಅಂಕ. ಆ ಅನುಕೂಲದ ಕಲ್ಲನ್ನು ಪ್ರತಿ ಶಾಲೆಗೂ ಹುಡುಕಿಕೊಡುವುದು ಲೀನಿಯರ್ ಪ್ರೋಗ್ರಾಮಿಂಗ್ ಎಂಬ ಗಣಿತ. ಇಡೀ ವಿಧಾನಕ್ಕೆ ಡೇಟಾ ಎನ್ವಲಪ್‌ಮೆಂಟ್ ಅನಾಲಿಸಿಸ್ ಎಂಬ ಭಾರದ ಹೆಸರು. ಇದರ ಬೀಜ ಮಾತ್ರ ಹಳೆಯದು. 1957ರಲ್ಲೇ ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಫ್ಯಾರೆಲ್ ಅಮೆರಿಕದ ಬೇಸಾಯದ ಲೆಕ್ಕ ಹಿಡಿದು ಇಂಥದ್ದನ್ನು ಮಾಡಿ ತೋರಿಸಿದ್ದರು.

ಒಂದು ಕಾಲ್ಪನಿಕ ಉದಾಹರಣೆ ನೋಡಿ. ಮೂರು ಶಾಲೆಗಳು, ಸಮನಾದ ಮಕ್ಕಳು, ಸಮನಾದ ಶಿಕ್ಷಕರು. 'ಅ' ಶಾಲೆಗೆ ಓದಿನಲ್ಲಿ 80, ಆತ್ಮಗೌರವದಲ್ಲಿ 40. 'ಬ' ಶಾಲೆಗೆ 40 ಮತ್ತು 80. 'ಕ' ಶಾಲೆಗೆ ಎರಡರಲ್ಲೂ 50. 'ಅ' ಓದಿನ ಕಲ್ಲು ಹಿಡಿದು ನೂರು ಪಡೆಯುತ್ತದೆ; 'ಬ' ಇನ್ನೊಂದನ್ನು ಹಿಡಿದು. 'ಕ' ಯಾವ ಕಲ್ಲು ಹಿಡಿದರೂ ನೂರು ಮುಟ್ಟದು. 'ಅ' ಮತ್ತು 'ಬ'ಗಳನ್ನು ಅರ್ಧರ್ಧ ಬೆರೆಸಿದರೆ 60 ಮತ್ತು 60 ಬರುತ್ತದೆ. ಹಾಗಾಗಿ 'ಕ' ಶಾಲೆಯ ದಕ್ಷತೆ 60ಕ್ಕೆ 50, ಅಂದರೆ ಶೇ 83. ಅದರ ಗುರಿ ಎರಡರಲ್ಲೂ 60. ಈ ಗುರಿ ಯಾವ ಅಧಿಕಾರಿಯ ತಲೆಯಿಂದಲೂ ಇಳಿದದ್ದಲ್ಲ. ಅಷ್ಟೇ ಶಿಕ್ಷಕರನ್ನಿಟ್ಟುಕೊಂಡ ನೆರೆಯ ಶಾಲೆಗಳ ಸಾಧನೆಯಿಂದ ಬಂದದ್ದು. ಯಾರ ಹತ್ತಿರ ಹೋಗಿ ಕಲಿಯಬೇಕೆಂಬುದೂ ಅದರಲ್ಲೇ ಇದೆ.

ಆದರೆ ಎಚ್ಚರ ಬೇಕು. ನೂರು ಎಂದರೆ ಪರಿಪೂರ್ಣ ಎಂದಲ್ಲ, ಇದ್ದವರಲ್ಲಿ ಮೀರಿಸಿದವರಿಲ್ಲ ಎಂದಷ್ಟೆ. ಶಾಲೆಗಳು ಕಡಿಮೆಯಿದ್ದು ಅಳತೆಗಳು ಹೆಚ್ಚಾದರೆ ಬಹುತೇಕ ಎಲ್ಲರಿಗೂ ನೂರು ಬಂದುಬಿಡುತ್ತದೆ. ಅಳತೆಯೊಂದನ್ನು ಬಿಟ್ಟರೂ ತೊಂದರೆಯೇ. 'ಕ' ಶಾಲೆಯ ಮುಖ್ಯೋಪಾಧ್ಯಾಯರು ಎದ್ದುನಿಂತು, "ಸ್ವಾಮಿ, ನಮ್ಮ ಮಕ್ಕಳ ತಾಯಂದಿರಿಗೆ ಅಕ್ಷರ ಬಾರದು" ಎಂದರೆ, ಆ ಕಾಲಂ ಸೇರಿಸಿ ಮತ್ತೆ ಲೆಕ್ಕ ಮಾಡಬೇಕು. ಆಗ 83 ಇದ್ದದ್ದು ನೂರೇ ಆಗಬಹುದು.