ಸಮಾಜ ವಿಜ್ಞಾನ: ಗೊತ್ತಿದ್ದರೂ ಅಂಕ ಬರುವುದಿಲ್ಲವೇಕೆ?

ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದ ಮಾರನೆಯ ದಿನ ಪ್ರತಿ ಶಾಲೆಯಲ್ಲೂ ಕೇಳಿಬರುವ ಮಾತೊಂದಿದೆ. "ಸಮಾಜ ಚೆನ್ನಾಗಿ ಬರೆದಿದ್ದೆ ಸಾರ್, ಒಂದು ಪ್ರಶ್ನೆಯನ್ನೂ ಬಿಟ್ಟಿಲ್ಲ. ಆದರೂ ಅಂಕ ಬಂದಿಲ್ಲ." ಗಣಿತದಲ್ಲಿ ಅಂಕ ಹೋದರೆ ಲೆಕ್ಕ ತಪ್ಪಿತೆಂದು ಹುಡುಗನಿಗೇ ತಿಳಿಯುತ್ತದೆ. ಸಮಾಜ ವಿಜ್ಞಾನದಲ್ಲಿ ಎಲ್ಲಿ ಹೋಯಿತೆಂದು ತಿಳಿಯುವುದಿಲ್ಲ. ಆಗ ಉತ್ತರ ಪತ್ರಿಕೆ ತಿದ್ದಿದವರ ಮೇಲೆ ಅನುಮಾನ ಬರುತ್ತದೆ.

ಹಲವು ವರ್ಷ ಆ ತಿದ್ದುವವರ ಸಾಲಿನಲ್ಲಿ ಕುಳಿತವನು ನಾನು. ಕಡಿಮೆ ಅಂಕ ಬಂದ ಪತ್ರಿಕೆಗಳಲ್ಲಿ ಖಾಲಿ ಬಿಟ್ಟವು ಬಹಳ ಕಡಿಮೆ. ಪುಟ ತುಂಬಿರುತ್ತದೆ, ಬರೆದದ್ದರಲ್ಲಿ ಬಹುಪಾಲು ಸರಿಯಾಗಿಯೂ ಇರುತ್ತದೆ. ಆದರೆ ಅದು ಕೇಳಿದ ಪ್ರಶ್ನೆಗೆ ಉತ್ತರವಾಗಿರುವುದಿಲ್ಲ.

ಇದನ್ನು ನಾನು ಕಲಿತದ್ದು ನನ್ನ ತಪ್ಪಿನಿಂದಲೇ. ಕೆಲಸಕ್ಕೆ ಸೇರಿದ ಹೊಸದರಲ್ಲಿ 1857ರ ಪ್ರಥಮ ಸ್ವಾತಂತ್ರ್ಯ ಸಂಗ್ರಾಮದ ಕಾರಣಗಳ ಬಗ್ಗೆ ಎರಡು ಪುಟ ನೋಟ್ಸ್ ಬರೆಸಿದ್ದೆ. ರಾಜಕೀಯ, ಆರ್ಥಿಕ, ಸೈನಿಕ, ಕೊನೆಗೆ ಕೊಬ್ಬು ಸವರಿದ ತೋಟಾಗಳು, ಎಲ್ಲವನ್ನೂ ಮಕ್ಕಳು ಉರು ಹೊಡೆದರು. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಪ್ರಶ್ನೆ ಬಂತು: "1857ರ ಸಂಗ್ರಾಮ ವಿಫಲವಾಗಲು ಕಾರಣಗಳೇನು?" ಇಡೀ ತರಗತಿ 'ಕಾರಣ' ಎಂಬ ಒಂದು ಪದ ಕಂಡಿತು, 'ವಿಫಲ' ಎಂಬುದನ್ನು ಕಾಣಲಿಲ್ಲ. ದತ್ತು ಮಕ್ಕಳಿಗೆ ಹಕ್ಕಿಲ್ಲ ಎಂಬ ಡಾಲ್‌ಹೌಸಿಯ ನೀತಿ, ಮಂಗಲ ಪಾಂಡೆ, ಮೀರತ್, ಎಲ್ಲ ಬಂದವು. ನಾಯಕತ್ವ ಒಂದೇ ಕೈಯಲ್ಲಿರಲಿಲ್ಲ, ಹೋರಾಟ ಇಡೀ ದೇಶಕ್ಕೆ ಹಬ್ಬಲಿಲ್ಲ, ಅನೇಕ ರಾಜರು ಬ್ರಿಟಿಷರ ಪಕ್ಷ ವಹಿಸಿದರು, ಬ್ರಿಟಿಷರ ಕೈಯಲ್ಲಿ ತಂತಿ ಸಂಪರ್ಕವಿತ್ತು ಎಂಬುದು ಒಬ್ಬರಿಗೂ ಹೊಳೆಯಲಿಲ್ಲ. ನಾಲ್ಕಕ್ಕೆ ಸೊನ್ನೆ ಹಾಕಿದೆ. ಒಬ್ಬ ಹುಡುಗಿ ಪತ್ರಿಕೆ ಹಿಡಿದುಕೊಂಡು ಬಂದು, "ಸಾರ್, ನೀವು ಕೊಟ್ಟ ನೋಟ್ಸನ್ನೇ ಬರೆದಿದ್ದೀನಿ" ಎಂದಳು. ಅವಳು ಹೇಳಿದ್ದು ನಿಜ. ಉತ್ತರ ಬರೆಸಿದ್ದೆ, ಪ್ರಶ್ನೆಯನ್ನು ಓದುವುದು ಕಲಿಸಿರಲಿಲ್ಲ.

ಅಂದಿನಿಂದ ಪ್ರಶ್ನೆಯ ಕೊನೆಯ ಪದದ ಕೆಳಗೆ ಗೆರೆ ಎಳೆಯಲು ಹೇಳುತ್ತೇನೆ. ಕಾರಣಗಳೋ, ಪರಿಣಾಮಗಳೋ, ಷರತ್ತುಗಳೋ? ಸಹಾಯಕ ಸೈನ್ಯ ಪದ್ಧತಿಯನ್ನೇ ನೋಡಿ. "ಷರತ್ತುಗಳನ್ನು ತಿಳಿಸಿ" ಎಂದರೆ ಹೆಚ್ಚಿನವರು "1798ರಲ್ಲಿ ವೆಲ್ಲೆಸ್ಲಿ ಇದನ್ನು ಜಾರಿಗೆ ತಂದನು, ಹೈದರಾಬಾದಿನ ನಿಜಾಮನು ಮೊದಲು ಒಪ್ಪಿದನು" ಎಂದು ಶುರುಮಾಡಿ ಅಲ್ಲೇ ಅರ್ಧ ಪುಟ ಕಳೆಯುತ್ತಾರೆ. ಇವು ಸತ್ಯ ಸಂಗತಿಗಳು, ಷರತ್ತುಗಳಲ್ಲ. ರಾಜನು ಬ್ರಿಟಿಷ್ ಸೈನ್ಯವನ್ನು ತನ್ನ ರಾಜ್ಯದಲ್ಲಿ ಇಟ್ಟುಕೊಳ್ಳಬೇಕು. ಅದರ ಖರ್ಚನ್ನು ಹಣವಾಗಿಯೋ ಪ್ರದೇಶವಾಗಿಯೋ ಕೊಡಬೇಕು. ಆಸ್ಥಾನದಲ್ಲಿ ಬ್ರಿಟಿಷ್ ರೆಸಿಡೆಂಟ್ ಇರಬೇಕು. ಕಂಪನಿಯ ಅನುಮತಿಯಿಲ್ಲದೆ ಬೇರೆ ರಾಜರೊಡನೆ ಯುದ್ಧ, ಒಪ್ಪಂದ ಮಾಡಕೂಡದು. ಬೇರೆ ಯೂರೋಪಿಯನ್ನರನ್ನು ನೇಮಿಸಿಕೊಳ್ಳಕೂಡದು. ಐದು ಸಾಲು, ಅಷ್ಟೇ. ಮಾದರಿ ಉತ್ತರ ಮುಂದಿಟ್ಟುಕೊಂಡವರಿಗೆ ನಿಮ್ಮ ಮೇಲೆ ಎಷ್ಟೇ ಕನಿಕರವಿದ್ದರೂ ಕೇಳದೆ ಇದ್ದ ಸಂಗತಿಗೆ ಅಂಕ ಕೊಡಲು ಬರುವುದಿಲ್ಲ.

ಇನ್ನು 'ಕಾರಣ ಕೊಡಿ' ಎಂಬ ಪ್ರಶ್ನೆ. "ಕಪ್ಪು ಮಣ್ಣು ಹತ್ತಿ ಬೆಳೆಗೆ ಸೂಕ್ತವಾಗಿದೆ. ಏಕೆ?" ಇದಕ್ಕೆ ನಾನು ಅತಿ ಹೆಚ್ಚು ಸಲ ಓದಿರುವ ಉತ್ತರ: "ಏಕೆಂದರೆ ಕಪ್ಪು ಮಣ್ಣಿನಲ್ಲಿ ಹತ್ತಿ ಚೆನ್ನಾಗಿ ಬೆಳೆಯುತ್ತದೆ." ಪ್ರಶ್ನೆಯನ್ನೇ ತಿರುಗಿಸಿ ಬರೆದರೆ ಕಾರಣ ಎಲ್ಲಿ ಬಂತು? ನನಗೆ ಬೇಸರವಾಗುವುದು ಅದಕ್ಕಲ್ಲ. ಹೀಗೆ ಬರೆಯುವವರಲ್ಲಿ ಎಷ್ಟೋ ಮಂದಿ ಎರೆ ಭೂಮಿಯ ಸೀಮೆಯ ಮಕ್ಕಳು. ಧಾರವಾಡದ ಕಡೆಯ ಒಬ್ಬ ಹುಡುಗನನ್ನು ಒಮ್ಮೆ ಕೇಳಿದೆ: "ನಿಮ್ಮ ಹೊಲ ಬೇಸಿಗೆಯಲ್ಲಿ ಹೇಗಿರುತ್ತದಪ್ಪ?" ಅವನು ತಡಮಾಡದೆ, "ಕಾಲು ಸಿಗೋವಷ್ಟು ಬಿರುಕು ಬಿಡತೈತ್ರಿ ಸರ. ಮಳಿ ಆತಂದ್ರ ಉಬ್ಬತೈತಿ, ಆಮ್ಯಾಲ ಭಾಳ ದಿನ ಹಸಿ ಹಿಡಕೊಂಡಿರತೈತಿ" ಎಂದ. ಉತ್ತರ ಇದೇ ಅಲ್ಲವೇ! ಈ ಮಣ್ಣಿನಲ್ಲಿ ಜೇಡಿಯ ಅಂಶ ಹೆಚ್ಚು. ತೇವವನ್ನು ಬಹುಕಾಲ ಹಿಡಿದಿಡುತ್ತದೆ. ಒಣಗಿದಾಗ ಬಿರುಕು ಬಿಟ್ಟು ಗಾಳಿಯಾಡುತ್ತದೆ. ಹುಡುಗನ ಮಾತನ್ನು ಗ್ರಂಥದ ಭಾಷೆಗೆ ತಂದರೆ ಪೂರ್ತಿ ಅಂಕ. ಆದರೆ ಮನೆಯಲ್ಲಿ ಕಂಡದ್ದು ಬೇರೆ, ಪರೀಕ್ಷೆಗೆ ಬರೆಯುವುದು ಬೇರೆ ಎಂದು ಅವನು ತಿಳಿದಿದ್ದ. ಹಾಗೆ ತಿಳಿಯುವಂತೆ ನಾವು ಶಿಕ್ಷಕರೇ ಮಾಡಿದ್ದೇವೇನೋ.

ಮತ್ತೊಂದು ಕೊರತೆ, ಹೊಗಳಿಕೆ. ಸರ್ ಎಂ. ವಿಶ್ವೇಶ್ವರಯ್ಯನವರ ಸಾಧನೆಗಳನ್ನು ಕೇಳಿದರೆ "ಅವರು ಮಹಾನ್ ವ್ಯಕ್ತಿ, ಶಿಸ್ತಿನ ಸಿಪಾಯಿ, ನಾಡಿಗಾಗಿ ಹಗಲಿರುಳು ದುಡಿದರು" ಎಂದು ಸಾಲುಸಾಲಾಗಿ ಬರುತ್ತದೆ. ಈ ಮಾತುಗಳನ್ನು ಯಾರ ಹೆಸರಿನ ಕೆಳಗೆ ಬೇಕಾದರೂ ಬರೆಯಬಹುದು. 1912ರಿಂದ 1918ರವರೆಗೆ ದಿವಾನರಾಗಿದ್ದರು, 1913ರಲ್ಲಿ ಮೈಸೂರು ಬ್ಯಾಂಕ್, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದವು, ಕೃಷ್ಣರಾಜಸಾಗರದ ನಿರ್ಮಾಣದಲ್ಲಿ ಅವರ ಪಾತ್ರ ದೊಡ್ಡದು ಎಂದು ಬರೆಯಿರಿ. ಇಸವಿ ನೆನಪಾಗದಿದ್ದರೆ ಬಿಟ್ಟುಬಿಡಿ, ಸಂಸ್ಥೆಯ ಹೆಸರನ್ನು ಬಿಡಬೇಡಿ.

ವ್ಯತ್ಯಾಸ ತಿಳಿಸುವ ಪ್ರಶ್ನೆಗೆ ಎರಡು ಬೇರೆ ಬೇರೆ ಕಥೆ ಬರೆಯುವವರೂ ಇದ್ದಾರೆ. ಜಮೀನ್ದಾರಿ ಪದ್ಧತಿಯ ಬಗ್ಗೆ ಒಂದು ಪ್ಯಾರಾ, ರೈತವಾರಿ ಪದ್ಧತಿಯ ಬಗ್ಗೆ ಒಂದು ಪ್ಯಾರಾ. ಹೋಲಿಕೆ ಮಾಡುವ ಕೆಲಸ ತಿದ್ದುವವರ ಪಾಲಿಗೆ! ಕಂದಾಯ ಕಟ್ಟುವವರು ಯಾರು ಎಂದು ಕೇಳಿಕೊಳ್ಳಿ: ಅಲ್ಲಿ ಜಮೀನ್ದಾರ, ಇಲ್ಲಿ ನೇರವಾಗಿ ರೈತ. ಕಂದಾಯ ಬದಲಾಗುತ್ತದೆಯೇ? ಬಂಗಾಳದಲ್ಲಿ 1793ರ ಕಾಯಂ ಜಮೀನ್ದಾರಿ ಪದ್ಧತಿಯಲ್ಲಿ ಶಾಶ್ವತವಾಗಿ ನಿಗದಿ, ರೈತವಾರಿಯಲ್ಲಿ ಕಾಲಕಾಲಕ್ಕೆ ಪರಿಷ್ಕರಣೆ. ಒಂದೊಂದು ಅಂಶವೂ ಎರಡೂ ಕಡೆ ಎದುರುಬದುರಾಗಿ ನಿಲ್ಲಬೇಕು.

ಅಕ್ಷರ ದುಂಡಗಿರಲಿ, ಪ್ರಶ್ನೆಯ ಸಂಖ್ಯೆ ಸರಿಯಾಗಿ ಹಾಕಿ ಎಂದು ನಿಮ್ಮ ಮೇಷ್ಟ್ರು ಸಾಕಷ್ಟು ಹೇಳಿರುತ್ತಾರೆ, ನಾನು ಮತ್ತೆ ಹೇಳುವುದಿಲ್ಲ. ನಕ್ಷೆಯ ಬಗ್ಗೆ ಮಾತ್ರ ಹೇಳಲೇಬೇಕು. ಅತಿ ಕಡಿಮೆ ಶ್ರಮಕ್ಕೆ ಸಿಗುವ ಅಂಕಗಳು ಇವು, ನೇರವಾಗಿ ಕೈಬಿಟ್ಟುಹೋಗುವವೂ ಇವೇ. ಕರ್ಕಾಟಕ ಸಂಕ್ರಾಂತಿ ವೃತ್ತವನ್ನು ಹೈದರಾಬಾದಿನ ಮೇಲೆ ಹಾಯಿಸಿದ ನಕ್ಷೆಗಳನ್ನು ನೋಡಿದ್ದೇನೆ. ಅದು 23½ ಡಿಗ್ರಿ ಉತ್ತರದಲ್ಲಿ, ಗುಜರಾತಿನಿಂದ ಮಿಜೋರಾಂವರೆಗೆ ಎಂಟು ರಾಜ್ಯಗಳನ್ನು ದಾಟುತ್ತದೆ. ನರ್ಮದೆಯನ್ನು ಬಂಗಾಳ ಕೊಲ್ಲಿಗೆ ಹರಿಸಿದವರಿದ್ದಾರೆ. ಅದು ಪಶ್ಚಿಮಕ್ಕೆ ಹರಿದು ಅರಬ್ಬಿ ಸಮುದ್ರ ಸೇರುತ್ತದೆ. ಹಿರಾಕುಡ್ ಅಣೆಕಟ್ಟು ಮಹಾನದಿಯದೆಂದು ಬಾಯಲ್ಲಿ ಸರಿಯಾಗಿ ಹೇಳಿ, ಚುಕ್ಕೆಯನ್ನು ಕೃಷ್ಣಾ ನದಿಯ ಮೇಲೆ ಇಡುತ್ತಾರೆ. ಕಣ್ಣಿಗೆ ಗೊತ್ತಿರುವುದು ಕೈಗೆ ಗೊತ್ತಿಲ್ಲ. ದಿನಕ್ಕೊಂದು ನಕ್ಷೆ, ಹತ್ತು ನಿಮಿಷ, ಪುಸ್ತಕ ಮುಚ್ಚಿಟ್ಟು ಬರೆಯಿರಿ. ಆಮೇಲೆ ತೆರೆದು ನೋಡಿ ತಿದ್ದಿಕೊಳ್ಳಿ.

ಹಾಗೆಯೇ ನಾಳೆ ಸಂಜೆ ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ತೆಗೆದುಕೊಳ್ಳಿ. ಉತ್ತರ ಬರೆಯುವುದು ಬೇಡ. ಪ್ರತಿ ಪ್ರಶ್ನೆಯ ಪಕ್ಕದಲ್ಲಿ ಏನು ಕೇಳಿದ್ದಾರೆ, ಎಷ್ಟು ಅಂಶ ಬೇಕು ಎಂದಷ್ಟೇ ಸೀಸದ ಕಡ್ಡಿಯಲ್ಲಿ ಗುರುತು ಮಾಡಿ, ಪಕ್ಕದ ಮನೆಯ ಗೆಳೆಯನ ಗುರುತಿನೊಡನೆ ಹೋಲಿಸಿ ನೋಡಿ. ಪರೀಕ್ಷೆಯ ದಿನ ಪ್ರಶ್ನೆಪತ್ರಿಕೆ ಓದಲೆಂದೇ ಕೊಡುವ 15 ನಿಮಿಷಗಳಲ್ಲಿ ಮಾಡಬೇಕಾದ ಕೆಲಸವೂ ಇದೇ.