ಬ್ಯಾಟರಿಯದೇ ತಪ್ಪೆ?

ಮಾನ್ವಿ, ದೇವದುರ್ಗದ ಕಡೆ ಮೋಟಾರ್ ಸೈಕಲ್ಲು ಈಗ ಅನುಕೂಲವಂತರ ಸೊತ್ತಾಗಿ ಉಳಿದಿಲ್ಲ. ವಿಜಯದಾಸರು ಹುಟ್ಟಿದ ಚೀಕಲಪರ್ವಿಯಂಥ ತುಂಗಭದ್ರಾ ತೀರದ ಊರಿನಲ್ಲಿ, ಹೊಲಕ್ಕೆ ಹೋಗುವವರಿಗೂ, ಹಾಲು ಹಾಕುವವರಿಗೂ, ಅಪರಾತ್ರಿಯಲ್ಲಿ ರೋಗಿಯನ್ನು ಆಸ್ಪತ್ರೆಗೆ ಮುಟ್ಟಿಸಬೇಕಾದವರಿಗೂ ಅದೇ ಗತಿ. ಇಂಥ ವಾಹನದ ದೀಪ ದಾರಿಯ ನಡುವೆ ಮಂಕಾದರೆ, ಹಾರನ್ನು ಗೊಗ್ಗರು ದನಿ ಹಿಡಿದರೆ, ಸೆಲ್ಫ್ ಒತ್ತಿದಾಗ ಕಟಕಟ ಸದ್ದು ಮಾತ್ರ ಬಂದರೆ, ನಮ್ಮ ಬಾಯಿಂದ ಹೊರಡುವ ಮೊದಲ ಮಾತು ಒಂದೇ: "ಬ್ಯಾಟರಿ ಹೋಯಿತು." ಈ ತೀರ್ಪನ್ನು ಕೊಡುವ ಮುಂಚೆ ಸ್ವಲ್ಪ ವಿಚಾರಣೆ ಮಾಡಿರೆಂದು ಕೇಳಿಕೊಳ್ಳುವುದೇ ಈ ಭಾಷಣದ ಉದ್ದೇಶ.

ಬ್ಯಾಟರಿ ವಿದ್ಯುತ್ತನ್ನು ಹುಟ್ಟಿಸುವುದಿಲ್ಲ, ಕೂಡಿಡುತ್ತದೆ, ಅದು ಕೆರೆಯಿದ್ದಂತೆ. ಹುಟ್ಟುವ ಸ್ಥಳ ಬೇರೆ. ಇಂಜಿನ್ನಿನೊಡನೆ ಒಂದು ಅಯಸ್ಕಾಂತ ತಿರುಗುತ್ತದೆ. ಅದರ ಬಳಿಯ ತಂತಿಯ ಸುರುಳಿಗಳಲ್ಲಿ, ಅಂದರೆ ಮೆಕ್ಯಾನಿಕ್ಕರು ಹೇಳುವ ಕಾಯಿಲ್ ಪ್ಲೇಟಿನಲ್ಲಿ, ವಿದ್ಯುತ್ತು ಹುಟ್ಟುತ್ತದೆ. ನಮ್ಮ ಶಕ್ತಿನಗರದ ಸ್ಥಾವರದಲ್ಲಿ ನಡೆಯುವುದೂ ತತ್ತ್ವದಲ್ಲಿ ಇದೇ. ಆದರೆ ಹೀಗೆ ಹುಟ್ಟಿದ್ದು ಹಿಂದುಮುಂದಾಗಿ ಹರಿಯುವ ಎ.ಸಿ.; ಬ್ಯಾಟರಿಗೆ ಬೇಕಾದದ್ದು ಒಂದೇ ಕಡೆಗೆ ಹರಿಯುವ ಡಿ.ಸಿ. ಈ ಮಾರ್ಪಾಟನ್ನು ಮಾಡಿ, ಅಳತೆ ಮೀರದಂತೆ ಕಳಿಸುವ ಪೆಟ್ಟಿಗೆಯೇ ರೆಗ್ಯುಲೇಟರು. ಅಂಗಡಿಯಲ್ಲಿ ಇದನ್ನು ಆರ್.ಆರ್. ಯೂನಿಟ್ ಎಂದು ಕೇಳಬೇಕು. ಅದು ಕೆರೆಯ ಮೇಲ್ಗಡೆಯ ತೂಬು. ಎಡದಂಡೆ ಕಾಲುವೆಯ ಕೊನೆಭಾಗದ ರೈತರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೇಲೆ ಕಾಲುವೆ ಕಟ್ಟಿಕೊಂಡಿರುವಾಗ ಕೆರೆ ಬತ್ತಿತೆಂದು ಹೊಸ ಕೆರೆ ತೋಡಿಸಿದರೆ ಅದೂ ಬತ್ತುವುದೇ ಸರಿ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಿಂದ ಹೊರಬಂದ ಜಾವಾ ಬಂಡಿಗಳಲ್ಲಿ 6 ವೋಲ್ಟಿನ ಡೈನಮೋ ಇತ್ತು. ಜೊತೆಗೆ ಒಂದು ಕೆಂಪು ದೀಪ. ಕೀಲಿ ತಿರುಗಿಸಿದಾಗ ಹತ್ತಬೇಕು, ಇಂಜಿನ್ ಓಡತೊಡಗಿದ ಮೇಲೆ ಆರಬೇಕು. ಆರದಿದ್ದರೆ ಚಾರ್ಜು ಆಗುತ್ತಿಲ್ಲವೆಂದು ಸವಾರನಿಗೆ ಆಗಲೇ ತಿಳಿಯುತ್ತಿತ್ತು. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಇಂದಿನ ಬಹುಪಾಲು ಸಣ್ಣ ಬೈಕುಗಳಲ್ಲಿ ಆ ದೀಪವಿಲ್ಲ. ಹಲವುದರಲ್ಲಿ ಕಿಕ್ ಕೂಡ ಇಲ್ಲ. ಮೇಲಾಗಿ 2017ರ ಏಪ್ರಿಲ್ 1ರಿಂದ ಹೊಸ ದ್ವಿಚಕ್ರ ವಾಹನಗಳಲ್ಲಿ ಮುಂದಿನ ದೀಪ ಹಗಲಿನಲ್ಲೂ ಉರಿಯಲೇಬೇಕು. ಆದುದರಿಂದ ಪರೀಕ್ಷಿಸುವ ಭಾರ ನಮ್ಮ ಮೇಲೆಯೇ ಬಿದ್ದಿದೆ.

ಒಂದು ಸಾಧಾರಣ ಮಲ್ಟಿಮೀಟರಿದ್ದರೆ ಸಾಕು. ಮೊದಲು, ಬೈಕು ಕೆಲವು ಗಂಟೆ ಸುಮ್ಮನೆ ನಿಂತ ಮೇಲೆ ಬ್ಯಾಟರಿಯ ಎರಡು ತುದಿಗಳ ನಡುವೆ ಡಿ.ಸಿ. ಅಳೆಯಿರಿ. 12.6 ವೋಲ್ಟಿನ ಮೇಲಿದ್ದರೆ ತುಂಬಿದೆ; 12ಕ್ಕೆ ಇಳಿದಿದ್ದರೆ ಬಹುತೇಕ ಬರಿದಾಗಿದೆ. ಬರಿದಾಗಿದ್ದರೆ ಹೊರಗೆ ಚಾರ್ಜು ಮಾಡಿಸಿ. ಬರಿದಾದ ಬ್ಯಾಟರಿಯನ್ನಿಟ್ಟುಕೊಂಡು ಮಾಡಿದ ಪರೀಕ್ಷೆ ನೆಚ್ಚತಕ್ಕದ್ದಲ್ಲ. ಎರಡನೆಯದಾಗಿ, ಇಂಜಿನ್ ಓಡಿಸಿ, ರೇಸ್ ಕೊಟ್ಟು ಅಳೆಯಿರಿ. ಅಂಕಿ ಸುಮಾರು 13.5ರಿಂದ 14.5ರ ನಡುವೆ ನಿಂತರೆ ಚಾರ್ಜು ಸರಿಯಾಗಿದೆ; ಆಗ ಬ್ಯಾಟರಿಯನ್ನು ಸಂಶಯಿಸಬಹುದು. 12ರ ಆಸುಪಾಸಿನಲ್ಲೇ ಇದ್ದರೆ ಕಾಲುವೆಯಲ್ಲಿ ತೊಡಕಿದೆ. 15 ದಾಟಿದರೆ ರೆಗ್ಯುಲೇಟರು ತಡೆಯುತ್ತಿಲ್ಲ. ಬಲ್ಬುಗಳು ಮೇಲಿಂದ ಮೇಲೆ ಸುಡುವುದೂ, ಬ್ಯಾಟರಿಯ ನೀರು ಕುದಿದು ಆರುವುದೂ ಇದರ ಲಕ್ಷಣಗಳು.

ತೊಡಕು ಎಲ್ಲಿ? ವ್ಯಾಕರಣ ಕಲಿಸುವ ನನ್ನಂಥವನಿಗೆ ಇಲ್ಲೊಂದು ಪರಿಚಿತ ಮಾತು ಸಿಗುತ್ತದೆ: ಪದಗಳು ಶುದ್ಧವಾಗಿದ್ದರೂ ಸಂಧಿಯಲ್ಲಿ ಎಡವಟ್ಟಾಗುತ್ತದೆ. ಬ್ಯಾಟರಿಯ ತುದಿ, ಬಾಡಿಗೆ ಸೇರುವ ಅರ್ಥ್ ತಂತಿ, ಫ್ಯೂಸು, ಕಾಯಿಲ್ ಮತ್ತು ರೆಗ್ಯುಲೇಟರು ಕೂಡುವ ಕಪ್ಲರು, ಇವೇ ಬೈಕಿನ ಸಂಧಿಸ್ಥಾನಗಳು. ಕೆಸರುಗದ್ದೆಯ ದಾರಿಯಲ್ಲಿ ಓಡುವ ಬಂಡಿಗೆ ಇಲ್ಲಿ ತುಕ್ಕು ಹಿಡಿಯುವುದು ಸಹಜ. ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಒಂದೇ ಮಳೆಗಾಲದಲ್ಲಿ ಎರಡು ಬ್ಯಾಟರಿ ಬದಲಿಸಿದ. ಮೂರನೆಯ ಸಲ ಅನುಭವಸ್ಥ ಮೆಕ್ಯಾನಿಕ್ಕರೊಬ್ಬರು ಸೀಟು ತೆಗೆದು ಕಪ್ಲರು ಬಿಚ್ಚಿ ತೋರಿಸಿದರು: ಪ್ಲಾಸ್ಟಿಕ್ಕು ಸುಟ್ಟು ಕಂದಾಗಿತ್ತು. ಅದನ್ನು ಬದಲಿಸಿದ ಮೇಲೆ ಅವನ ಎರಡನೆಯ ಬ್ಯಾಟರಿಯೇ ಈಗಲೂ ಕೆಲಸ ಮಾಡುತ್ತಿದೆ.

ಸಂಧಿಗಳೆಲ್ಲ ಸರಿಯಿದ್ದರೆ ಕಾಯಿಲನ್ನು ನೋಡಬೇಕು. ಹಲವು ಬೈಕುಗಳಲ್ಲಿ ಕಾಯಿಲಿನಿಂದ ಮೂರು ಹಳದಿ ತಂತಿಗಳು ಬರುತ್ತವೆ. ಅಂಥದರಲ್ಲಿ ಕಪ್ಲರು ಬಿಚ್ಚಿ, ಇಂಜಿನ್ ಓಡಿಸಿ, ಎರಡೆರಡು ತಂತಿಗಳ ನಡುವೆ ಎ.ಸಿ. ಅಳೆದರೆ, ಮೂರು ಅಳತೆಗಳೂ ಸಮನಾಗಿರಬೇಕು, ರೇಸಿನೊಡನೆ ಏರಬೇಕು. ಇಲ್ಲಿ ವೋಲ್ಟು ಹೆಚ್ಚಿರುವುದರಿಂದ ಬರಿ ತಂತಿಯನ್ನು ಮುಟ್ಟಬೇಡಿ. ಅಭ್ಯಾಸವಿಲ್ಲದವರು ಮೆಕ್ಯಾನಿಕ್ಕರಿಗೇ ಬಿಡುವುದು ಲೇಸು. ಒಂದು ಅಳತೆ ಬಿದ್ದುಹೋದರೆ ಕಾಯಿಲ್ ಸುಟ್ಟಿದೆ. ಮೂರೂ ಸರಿಯಿದ್ದರೆ ಉಳಿದ ಅಪರಾಧಿ ರೆಗ್ಯುಲೇಟರು. ಹೆಚ್ಚಿನ ದೀಪ, ದೊಡ್ಡ ಹಾರನ್ನು ಹಾಕಿಸಿದವರಿಗೆ ಇನ್ನೊಂದು ಮಾತು: ಕಾಯಿಲ್ ಹುಟ್ಟಿಸುವುದಕ್ಕಿಂತ ಖರ್ಚೇ ಹೆಚ್ಚಾದರೆ ಯಾವ ಕೆರೆಯೂ ತುಂಬದು.

ಕೆಲವು ಎಚ್ಚರಿಕೆಗಳು. ಚಾರ್ಜಾಗುವ ಬ್ಯಾಟರಿಯಿಂದ ಹೊತ್ತಿಕೊಳ್ಳುವ ಅನಿಲ ಬರುತ್ತದೆ. ಬೀಡಿ, ಬೆಂಕಿ ದೂರವಿರಲಿ. ನೀರು ಹಾಕುವ ಬಗೆಯ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಮಾತ್ರ. ಬೋರಿನ ನೀರು ಬೇಡ. ಬಿಚ್ಚುವಾಗ ಮೈನಸ್ ಮೊದಲು, ಕೂಡಿಸುವಾಗ ಪ್ಲಸ್ ಮೊದಲು. ಇಂಜಿನ್ ಓಡುವಾಗ ಬ್ಯಾಟರಿಯ ತಂತಿಯನ್ನು ಕಿತ್ತು "ಚಾರ್ಜು ನೋಡುವ" ಹಳೆಯ ರೂಢಿಯನ್ನು ಬಿಡಿ. ಇಂದಿನ ಬೈಕಿನ ಎಲೆಕ್ಟ್ರಾನಿಕ್ ಭಾಗಗಳು ಅದರಿಂದಲೇ ಕೆಡಬಹುದು.

ಮುಂದೆ ಅಂಗಡಿಗೆ ಹೋಗುವಾಗ ಒಂದು ಚೀಟಿಯಲ್ಲಿ ಮೂರು ಅಂಕಿಗಳನ್ನು ಬರೆದುಕೊಂಡು ಹೋಗಿ: ಇಂಜಿನ್ ನಿಂತಾಗ ಎಷ್ಟು, ನಿಧಾನವಾಗಿ ಓಡುವಾಗ ಎಷ್ಟು, ರೇಸ್ ಕೊಟ್ಟಾಗ ಎಷ್ಟು. ಆ ಚೀಟಿಯನ್ನು ಕಂಡ ಮೆಕ್ಯಾನಿಕ್ಕರು ಮೊದಲು ಕಪ್ಲರಿಗೆ ಕೈಹಾಕುತ್ತಾರೆ, ನಿಮ್ಮ ಜೇಬಿಗಲ್ಲ.